ಹಲ್ಲಕ್ಕನೂ ಹೊಳೆಯಾಚೆಯ ದವಡೆಯೂ

ಊರಿನ ಅರ್ಧ ನಗು ಹಲ್ಲಕ್ಕನ ಕೈಯಿಂದ ಬಂದದ್ದು. ಉಳಿದರ್ಧ ಇನ್ನೂ ಸ್ವಂತ ಹಲ್ಲಿನದು. ಅದರ ಬಗ್ಗೆ ಆಕೆಗೆ ಅವಸರವೇನಿಲ್ಲ. ಇವತ್ತಲ್ಲ ನಾಳೆ ಎಲ್ಲರೂ ಬರುವವರೇ.

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಓಣಿಯಲ್ಲಿ, ಟೈರಿನ ಅಂಗಡಿಗೂ ಚಪ್ಪಲಿ ರಿಪೇರಿಯವನಿಗೂ ನಡುವೆ ಆಕೆಯ ಮನೆ. ಮುಂದಿನ ಕೋಣೆ ಹಲ್ಲು ಕಟ್ಟುವ ಕಾರ್ಖಾನೆ, ಹಿಂದಿನದು ಅಡುಗೆಮನೆ, ಎರಡಕ್ಕೂ ನಡುವೆ ಒಂದು ಪರದೆ. ಮುಂದೆ ಪಾಲಿಶ್ ಮೋಟರು, ಸ್ಪಿರಿಟ್ ದೀಪ, ಮೇಣ ಕೆತ್ತುವ ಚಾಕು, ವಸಡಿಗೆಂದು ಗುಲಾಬಿ ಬಣ್ಣದ ಪುಡಿ. ಆದರೆ ಆ ಪುಡಿಯನ್ನು ಕಲಸಿ ಅಚ್ಚಿಗೆ ತುಂಬಿದ ಮೇಲೆ ಕುದಿಯುವ ನೀರಿನಲ್ಲಿ ಬೇಯಿಸಬೇಕಲ್ಲ, ಆ ಒಲೆ ಇರುವುದು ಹಿಂದೆ. ಹಾಗಾಗಿ ದಿನ ಬೆಳಗಾದರೆ ಒಂದು ಉರಿಯ ಮೇಲೆ ಆಲೂಗಡ್ಡೆ, ಪಕ್ಕದ ಉರಿಯ ಮೇಲೆ ಯಾರದೋ ದವಡೆ. ಎರಡೂ ಬೆಂದವೋ ಇಲ್ಲವೋ ಎಂದು ನೋಡುವುದು ಒಂದೇ ಕೈ. ಆದರೆ ಇದುವರೆಗೆ ಯಾರಿಗೂ ಆಲೂಗಡ್ಡೆ ಕಟ್ಟಿ ಕಳಿಸಿಲ್ಲ.

ಆಕೆ ಈ ಕಸುಬಿಗೆ ಬಂದದ್ದು ಸೊಸೆಯಾಗಿ. ಗಂಡ ಮದುವೆಯಾಗಿ ಕೆಲವೇ ವರ್ಷಕ್ಕೆ ಎದೆನೋವಿನಿಂದ ಹೋದ. ಮಾವ ಒಂದು ತಿಂಗಳು ಸುಮ್ಮನೆ ಕೂತಿದ್ದು, ಆಮೇಲೆ ಮೇಣದ ಚಾಕುವನ್ನು ಸೊಸೆಯ ಕೈಗಿಟ್ಟು, "ಅಳೋದಾದ್ರೆ ಕೆಲಸ ಮಾಡ್ತಾ ಅಳಮ್ಮಾ, ಮೇಣಕ್ಕೆ ಕಣ್ಣೀರು ಅಂಟಲ್ಲ" ಅಂದರಂತೆ. ಆಕೆ ಕಲಿತಳು. ಮಾವನೂ ಹೋದ ಮೇಲೆ ಉಳಿದದ್ದು ಆಕೆ, ಅತ್ತೆ, ಮತ್ತು ಗೋಡೆಯ ಮೇಲೆ ಮಾವ ತಮ್ಮ ಕೈಯಾರೆ ಬರೆದಿದ್ದ ಬೋರ್ಡು: "ಬಾಯಿ ಬಾರದೆ ಹಲ್ಲು ಹೊರಡದು."

ಇದು ಆ ಮನೆಯ ಸಂವಿಧಾನ. ಹಲ್ಲು ಯಾರದೋ ಅವರೇ ಬಂದು ಸ್ಟೂಲಿನ ಮೇಲೆ ಕೂರಬೇಕು. ಮಗ ಬಂದು ಅಪ್ಪನ ಹಲ್ಲು ಕೊಡಿ ಅಂದರೆ ಇಲ್ಲ, ಗಂಡ ಬಂದು ಹೆಂಡತಿಯ ಹಲ್ಲು ಕೇಳಿದರೆ ಮೊದಲೇ ಇಲ್ಲ. ಕೂತವರು ಸೆಟ್ಟು ಹಾಕಿಕೊಂಡು ಒಂದು ಬಿಸ್ಕತ್ತು ಕಚ್ಚಬೇಕು, ಪೇಪರಿನ ನಾಲ್ಕು ಸಾಲು ಗಟ್ಟಿಯಾಗಿ ಓದಬೇಕು. ಕೊನೆಗೆ, ಇದು ಮುಖ್ಯ, ತಮಗೆ ಆಗದವರನ್ನು ಯಾರನ್ನಾದರೂ ಮನಸಾರೆ ಬೈಯಬೇಕು. ಬಾಯಿ ಪೂರ್ತಿ ತೆರೆಯುವುದು, ನಾಲಗೆ ಎಲ್ಲ ಮೂಲೆಗೂ ಹೋಗುವುದು ಬೈಗುಳದಲ್ಲಿ ಮಾತ್ರ ಎಂದು ಮಾವನ ಸಿದ್ಧಾಂತ. ಬೈಯುವಾಗ ಅಲ್ಲಾಡದ ಹಲ್ಲು ಇನ್ನೆಲ್ಲೂ ಅಲ್ಲಾಡದು. ಈ ಸ್ಟೂಲಿನ ಮೇಲೆ ಜೀವಮಾನವಿಡೀ ಪಿಸುಮಾತಿನಲ್ಲೇ ಕಳೆದ ಹೆಡ್‌ಮಾಸ್ತರರು ತಮ್ಮ ಷಡ್ಡಕನನ್ನು ಉಗಿದು ಉಪ್ಪು ಹಾಕಿದ್ದನ್ನು ಓಣಿಯವರು ಇವತ್ತಿಗೂ ನೆನೆಯುತ್ತಾರೆ. ಪೋಸ್ಟ್‌ಮ್ಯಾನನ ಹೆಂಡತಿ ಬೈದು ಮುಗಿಸಿದಾಗ ಅವಳ ಗಂಡ ಎದ್ದು ನಿಂತು, "ಅಕ್ಕಾ, ಹಳೇ ಬೊಚ್ಚುಬಾಯೇ ಇರಲಿ" ಎಂದು ಕೈಮುಗಿದಿದ್ದ.

ಇಷ್ಟೆಲ್ಲ ಬಾಯಿಗಳನ್ನು ಸಿಂಗರಿಸಿದ ಹಲ್ಲಕ್ಕನ ಮನೆಯಲ್ಲೇ ಒಂದು ಬೋಳು ಬಾಯಿ ಇತ್ತು. ಅತ್ತೆಯದು. ಅದೇನು ಸಾಮಾನ್ಯ ಬಾಯಿಯಲ್ಲ. ಅತ್ತೆ ಎತ್ತರಕ್ಕೂ ಅಗಲಕ್ಕೂ ಸಮನಾದ ಹೆಂಗಸು; ಆಕೆಯ ದವಡೆಯ ಪ್ಲಾಸ್ಟರ್ ಅಚ್ಚನ್ನು ಮೇಜಿನ ಮೇಲಿಟ್ಟರೆ ಬಂದವರು "ಇದು ಯಾವ ಪೈಲ್ವಾನರದು?" ಎಂದು ಕೇಳುತ್ತಿದ್ದರು. "ನಾಳೆ ಮಾಡೋಣ ಅತ್ತೆ, ಗಿರಾಕಿ ಕೆಲಸ ಮುಗೀಲಿ" ಎನ್ನುತ್ತ ಹಲ್ಲಕ್ಕ ವರ್ಷಗಟ್ಟಲೆ ಮುಂದೂಡಿದ್ದಳು. ಅತ್ತೆ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತ, ಬಂದವರಿಗೆಲ್ಲ, "ಊರಿಗೆಲ್ಲ ಹಲ್ಲು ಹಂಚ್ತಾಳೆ, ಮನೇಲಿರೋ ಮುದುಕಿಗೆ ಬರೀ ವಸಡು" ಎಂದು ಡಂಗುರ ಹೊಡೆಯುತ್ತಿದ್ದಳು. ಆಕೆಗೆ ಇದ್ದ ಆಸೆ ಒಂದೇ: ಹುರಿದ ಕಡಲೇಕಾಯಿ.

ಕಡೆಗೂ ಆ ವರ್ಷ ಹಲ್ಲಕ್ಕ ಅತ್ತೆಯ ಸೆಟ್ಟಿಗೆ ಕೈ ಹಾಕಿದಳು. ಹರೆಯದಲ್ಲಿ ಅತ್ತೆಯ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಒಂದಿಷ್ಟು ಹತ್ತಿ ಕೂತಿತ್ತಂತೆ. ಮಾವ ಮದುವೆಗೆ ಒಪ್ಪಿದ್ದೇ ಆ ಹಲ್ಲು ನೋಡಿ ಎಂದು ಅತ್ತೆಯ ವಾದ. "ಅದು ಹಾಗೇ ಇರ್ಬೇಕು. ನೆಟ್ಟಗೆ ಕೂರಿಸಿದ್ಯೋ, ಉಗಿದು ನಿನ್ನ ಕೈಗೇ ಕೊಡ್ತೀನಿ!" ಹಲ್ಲಕ್ಕ ಮೇಣದಲ್ಲಿ ಆ ಹಲ್ಲನ್ನು ಓರೆಯಾಗಿ ಹತ್ತಿಸಿ ಕೂರಿಸಿದಳು.

ಇಲ್ಲಿಗೆ ಹೊಳೆಯಾಚೆಯವರ ಪ್ರವೇಶ.

ಊರಿನಂಚಿಗೆ ಹೊಳೆ, ಹೊಳೆಯಾಚೆಯ ಗುಡ್ಡಗಳಲ್ಲಿ "ಕೊನೆಯ ಕದನ ಪಡೆ" ಎಂಬ ಬಂದೂಕುಧಾರಿಗಳ ರಾಜ್ಯ. ಲೋಕವೆಲ್ಲ ತಮ್ಮ ಹಾಗೇ ಇರಬೇಕು, ಇಲ್ಲದವರು ಇರಲೇಬಾರದು ಎನ್ನುವುದು ಅವರ ಒಟ್ಟು ತತ್ವ. ಅದರ ನಾಯಕನ ಚಿತ್ರ ಬಂಡೆಬಂಡೆಗಳ ಮೇಲೂ ಇತ್ತು. ಹೆಬ್ಬಂಡೆಯಂಥ ಗದ್ದ, ಗುಹೆಯಂಥ ಬಾಯಿ. ಎರಡು ವರ್ಷದ ಹಿಂದೆ ಇವರು ಸಂತೆಯ ಬಸ್ಸಿಗೆ ಬಾಂಬು ಇಟ್ಟಿದ್ದರು. ಸತ್ತವರು ಸತ್ತರು. ಉಳಿದವರಲ್ಲಿ ಹಲವರಿಗೆ ಮುಂದಿನ ಹಲ್ಲು ಕಟ್ಟಿಕೊಟ್ಟದ್ದು ಹಲ್ಲಕ್ಕನೇ. ಆ ತಿಂಗಳು ಸ್ಟೂಲಿನ ಮೇಲೆ ಕೂತವರು ಬೈಯಲು ಯಾರನ್ನು ಆರಿಸಿಕೊಂಡರು ಎಂದು ಬೇರೆ ಹೇಳಬೇಕಿಲ್ಲ. ತರಕಾರಿ ಮಾರುವ ಹುಡುಗಿಯೊಬ್ಬಳು ಮಾತ್ರ ಬೈಯಲಾರದೆ ಸುಮ್ಮನೆ ಕೂತುಬಿಟ್ಟಳು. ಅವಳಿಗೆ ಮಾತ್ರ ಆ ಪರೀಕ್ಷೆಯನ್ನು ಹಲ್ಲಕ್ಕ ಮಾಫಿ ಮಾಡಿದಳು.

ಒಂದು ದಿನ ಡಾಕ್ಟರು ಒಂದು ಬಾಯಿಯ ಅಳತೆ ತಂದುಕೊಟ್ಟರು. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು.

"ಯಾರದು ಡಾಕ್ಟ್ರೇ?"

"ಹೊಳೆಯಾಚೆಯವರೊಬ್ಬರು. ಕಾರು ಕಳಿಸಿದ್ರು, ಹೋಗಿದ್ದೆ. ಬೇಗ ಮಾಡ್ಕೊಡಿ."

"ಚಿಕ್ಕ ಬಾಯಿ ಪಾಪ. ಮಗೂದೋ ಏನೋ ಅನ್ನೋ ಹಾಗಿದೆ."

"ಜೋರಾಗಿ ಅನ್ನಬೇಡಿ ಅಕ್ಕಾ" ಎಂದು ಡಾಕ್ಟರು ಕಿಟಕಿ ಕಡೆ ನೋಡಿದರು.

ಹಲ್ಲಕ್ಕ ಮಾಡಿದಳು. ಅತ್ತೆಯ ಸೆಟ್ಟೂ ಅದೂ ಒಟ್ಟಿಗೇ ಬೆಂದವು, ಒಟ್ಟಿಗೇ ಪಾಲಿಶ್ ಆದವು. ಒಂದೇ ಬಣ್ಣದ ಎರಡು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹಲ್ಲು ಒಣಗಬಾರದೆಂದು ನೀರು ತುಂಬಿಸಿ, ಕಪಾಟಿನ ಮೇಲೆ ಅಕ್ಕಪಕ್ಕ ಕೂತವು.

ಅದೇ ವಾರ ಜಗತ್ತಿನ ರಾಷ್ಟ್ರಗಳೆಲ್ಲ ಒಂದು ದೊಡ್ಡ ಮೇಜಿನ ಸುತ್ತ ಕೂತು, ಕೈಯೆತ್ತಿ, ಕೊನೆಯ ಕದನ ಪಡೆಯ ಮೇಲೆ ಅಂತಾರಾಷ್ಟ್ರೀಯ ನಿರ್ಬಂಧ ಹೇರಿದವು. ಟೀವಿಯವರು ಅದನ್ನು ಹತ್ತು ಸಲ ತೋರಿಸಿದರು. ಪಡೆಗೂ ಅದರ ನಾಯಕನಿಗೂ ಯಾರೂ ಏನನ್ನೂ ಮಾರಬಾರದು, ಕೊಡಬಾರದು, ರಿಪೇರಿ ಮಾಡಿಕೊಡಬಾರದು. ಅವನ ಆಸ್ತಿಯೆಲ್ಲ ಮುಟ್ಟುಗೋಲು. ಅವನು ಯಾವ ಗಡಿಯನ್ನೂ ದಾಟುವ ಹಾಗಿಲ್ಲ. ಟೀವಿಯಲ್ಲಿ ಅವನ ಚಿತ್ರ ಬಂದ ಕೂಡಲೇ ಡಾಕ್ಟರು ಓಣಿಯಲ್ಲಿ ಓಡಿಬಂದರು.

"ಅಕ್ಕಾ, ಆ ದವಡೆ..."

"ಗೊತ್ತಾಯ್ತು."

"ಹೇಗೆ?"

"ನೀವು ಓಡಿ ಬಂದ್ರಲ್ಲ ಡಾಕ್ಟ್ರೇ, ಯಾವತ್ತು ಓಡಿದ್ರಿ ನೀವು?"

"ನಾನು ಅಲ್ಲಿಗೆ ಹೋಗಿದ್ದು ಯಾರಿಗೂ ಹೇಳಬೇಡಿ. ಕೈಮುಗೀತೀನಿ. ನನ್ನ ತಂಗಿ ಮನೆಯಲ್ಲಿ ಏನೋ ಕೆಲಸ ಇದೆ, ಒಂದಷ್ಟು ದಿನ ಬರಲ್ಲ." ಆ ತಂಗಿಗೆ ಏನು ಕೆಲಸವಿತ್ತೋ, ಡಾಕ್ಟರ ಕ್ಲಿನಿಕ್ಕಿಗೆ ಅಂದೇ ಬೀಗ ಬಿತ್ತು.

ಮಾರನೆಯ ದಿನ ನಿರ್ಬಂಧದ ಅಧಿಕಾರಿ ಬಂದ. ನೆಗಡಿಯಾಗಿದ್ದ ಮನುಷ್ಯ, ಕೈಯಲ್ಲಿ ಕರವಸ್ತ್ರ. ಓಣಿಯ ಅಂಗಡಿಯವರನ್ನೆಲ್ಲ ಟೈರಿನ ಅಂಗಡಿಯ ಮುಂದೆ ಸೇರಿಸಿ ನಿಯಮ ವಿವರಿಸಿದ.

"ಟೈರು ಕೊಡೋ ಹಾಗಿಲ್ಲ, ಬೂಟು ಹೊಲಿಯೋ ಹಾಗಿಲ್ಲ, ಗುಂಡಿ ಕೂಡ ಹಚ್ಚಿಕೊಡೋ ಹಾಗಿಲ್ಲ. ಕೊಟ್ಟವರ ಅಂಗಡಿ ಮುಚ್ಚಿಸ್ತೀವಿ. ಅಷ್ಟೇ ಅಲ್ಲ, ಹೊರದೇಶದಿಂದ ಮಾಲು ಬರೋದೂ ನಿಂತುಹೋಗುತ್ತೆ, ಜನ್ಮಪೂರ್ತಿ."

ಕೊನೆಯ ಮಾತು ಹಲ್ಲಕ್ಕನಿಗೆ ನೇರವಾಗಿ ತಾಗಿತು. ಆಕೆಯ ಹಲ್ಲುಗಳೆಲ್ಲ, ಮೇಣದ ಪಟ್ಟಿಗೆ ಸಾಲಾಗಿ ಅಂಟಿಕೊಂಡು, ಸಮುದ್ರದಾಚೆಯ ಕಂಪನಿಯಿಂದಲೇ ಬರಬೇಕು. ಅದು ನಿಂತರೆ ಕಸುಬು ನಿಂತ ಹಾಗೆ. ಇನ್ನೊಂದು ಕೆಲಸ ಆಕೆಗೆ ಬಾರದು, ಕಲಿಯುವ ವಯಸ್ಸೂ ಅಲ್ಲ. ಕಪಾಟಿನ ಮೇಲಿದ್ದ ಆ ಪುಟ್ಟ ದವಡೆಯ ಬಗ್ಗೆ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಡಾಕ್ಟರ ಸುಣ್ಣದ ಮುಖ ನೆನಪಾಯಿತು. ಮುಚ್ಚಿದಳು.

ವಾರ ಕಳೆಯುವುದರೊಳಗೆ, ಅತ್ತೆ ಸ್ಟೂಲಿನ ಮೇಲೆ ಕೂರಲು ಮುಹೂರ್ತ ಗೊತ್ತು ಮಾಡಿಕೊಂಡು, ಒಂದು ಪೊಟ್ಟಣ ಹುರಿದ ಕಡಲೇಕಾಯಿ ತರಿಸಿ ಇಟ್ಟುಕೊಂಡಿದ್ದ ಬೆಳಿಗ್ಗೆ, ಬಾಗಿಲಲ್ಲಿ ಒಬ್ಬ ಬಂದು ನಿಂತ. ಸಪೂರ ಆಳು, ಸಡಿಲ ಅಂಗಿ, ಅಂಗಿಯೊಳಗೆ ಸೊಂಟದ ಹತ್ತಿರ ಏನೋ ಗಟ್ಟಿಯಾದದ್ದು.

"ಅಕ್ಕಾ, ನಮ್ಮ ಭಾವನ ಹಲ್ಲು ತಗೊಂಡು ಹೋಗೋಕೆ ಬಂದೆ."

ಆತ ನಾಯಕನ ಹೆಂಡತಿಯ ತಮ್ಮ. ಮೊದಲು ಬಸ್ ಕಂಡಕ್ಟರಾಗಿದ್ದವನು. ಅಕ್ಕನ ಗಂಡ ದೊಡ್ಡ ಮನುಷ್ಯನಾದ ಮೇಲೆ ತಾನೂ ಕ್ರಾಂತಿಗೆ ಹತ್ತಿಕೊಂಡವನು. ನಾಯಕನನ್ನು ಲೋಕವೆಲ್ಲ ಏನೆಂದು ಕರೆದರೂ ಇವನಿಗೆ ಮಾತ್ರ ಅವನು ಭಾವ. ಆದ್ದರಿಂದ ನಾವೂ ಇವನನ್ನು ಭಾವಮೈದ ಎಂದೇ ಕರೆಯೋಣ.

"ನಿಮ್ಮ ಭಾವ ಎಲ್ಲಿ?"

"ಅವರು ಬರೋದಾ? ಏನಕ್ಕಾ ಹೀಗ್ ಕೇಳ್ತೀರಿ! ಅವರನ್ನ ಹಿಡಿಯೋಕೆ ಎಷ್ಟು ದೇಶ ಕಾದು ಕೂತಿದೆ ಗೊತ್ತಾ?"

"ದೇಶ ಎಷ್ಟಾದ್ರೂ ಇರಲಿ" ಎಂದು ಹಲ್ಲಕ್ಕ ಬೋರ್ಡಿನ ಕಡೆ ಬೆರಳು ತೋರಿಸಿದಳು. "ಬಾಯಿ ಬರ್ಬೇಕು. ಇಲ್ಲಿ ಕೂರ್ಬೇಕು, ಬಿಸ್ಕತ್ತು ಕಚ್ಚಬೇಕು, ಯಾರನ್ನಾದ್ರೂ ಬೈಬೇಕು. ಆಮೇಲೆ ಮಾತು."

"ಬೈಯೋದಾ? ಅದು ಅವರು ದಿನಾ ಮಾಡ್ತಾರೆ."

"ಇಲ್ಲಿ ಕೂತು ಮಾಡ್ಲಿ."

ಇದನ್ನು ಮುಂದೆ ಪೇಪರಿನವರು ಭಯೋತ್ಪಾದನೆಯ ವಿರುದ್ಧ ಏಕಾಂಗಿ ಹೋರಾಟ ಎಂದು ಬರೆದರು. ಹಲ್ಲಕ್ಕನಿಗೆ ನಿರ್ಬಂಧ ನೆನಪಿತ್ತು, ಬಸ್ಸೂ ನೆನಪಿತ್ತು, ನಿಜ. ಆದರೆ ನಾಲಗೆಯ ತುದಿಗೆ ಮೊದಲು ಬಂದದ್ದು ಮಾವನ ಬೋರ್ಡು. ಹಾಕಿ ನೋಡದ ಸೆಟ್ಟು ಹೊರಗೆ ಹೋಗುವುದೆಂದರೆ ಆಕೆಗೆ ಮೈಮೇಲೆ ಬಟ್ಟೆಯಿಲ್ಲದೆ ಬೀದಿಗೆ ಹೋದಂತೆ.

ಭಾವಮೈದ ಅಂಗಿ ಎತ್ತಿ ಸೊಂಟದ ಪಿಸ್ತೂಲನ್ನು ತೋರಿಸಿದ. ಆಮೇಲೆ ತಾನೇ ಕಪಾಟಿನ ಹತ್ತಿರ ಹೋಗಿ ಎರಡೂ ಡಬ್ಬಿಗಳ ಮುಚ್ಚಳ ತೆಗೆದ. ಒಂದರಲ್ಲಿ ಪುಟ್ಟದೊಂದು ಸೆಟ್ಟು, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದದ್ದು. ಇನ್ನೊಂದರಲ್ಲಿ ಅತ್ತೆಯದು: ಡಬ್ಬಿಗೇ ಇಕ್ಕಟ್ಟಾಗಿ, ನೀರನ್ನೆಲ್ಲ ಅಂಚಿಗೆ ತಳ್ಳಿ, ಓರೆ ಕೋರೆಯ ಸಮೇತ ಗಹಗಹಿಸುತ್ತಿತ್ತು.

ಭಾವಮೈದ ಒಂದು ಕ್ಷಣವೂ ಯೋಚಿಸಲಿಲ್ಲ. ಬಂಡೆಗಳ ಮೇಲಿನ ಚಿತ್ರ ನೋಡಿ ನೋಡಿ ಬೆಳೆದ ಭಕ್ತಿ ಅದು. ಅಷ್ಟು ದೊಡ್ಡ ಭಾವನಿಗೆ ಅಷ್ಟು ಚಿಕ್ಕ ಹಲ್ಲೇ? ದೊಡ್ಡದನ್ನು ಎತ್ತಿಕೊಂಡು, "ನೋಡಿದ್ರೇನೇ ಗೊತ್ತಾಗುತ್ತಲ್ಲ ಅಕ್ಕಾ" ಎಂದು ಹೆಮ್ಮೆಯಿಂದ ನಕ್ಕು, ಡಬ್ಬಿಯನ್ನು ಎದೆಗೊತ್ತಿಕೊಂಡು ಹೊರಟೇಬಿಟ್ಟ.

ಅದು ಯಾರದೆಂದು ಅವನು ಕೇಳಲಿಲ್ಲ, ಹಲ್ಲಕ್ಕ ಹೇಳಲಿಲ್ಲ.

ಪರದೆಯ ಹಿಂದಿನಿಂದ ಅತ್ತೆ ಕಡಲೇಕಾಯಿ ಪೊಟ್ಟಣ ಹಿಡಿದು ಬಂದಳು. "ಆಯ್ತಾ? ಕೂರ್ಲಾ?"

"ಅತ್ತೆ... ನಿಮ್ಮ ಹಲ್ಲು ಹೋಯ್ತು."

"ಹೋಗಿ ಆರು ವರ್ಷ ಆಯ್ತಲ್ಲೇ!"

"ಅದಲ್ಲ. ಹೊಸದು."

ಆ ದಿನ ಅತ್ತೆ ಹಲ್ಲಿಲ್ಲದ ಬಾಯಿಯಲ್ಲೇ ಬೈದ ಬೈಗುಳಕ್ಕೆ ಟೈರಿನ ಅಂಗಡಿಯವನು ಗಾಳಿ ಪಂಪು ನಿಲ್ಲಿಸಿ ಕಿವಿಗೊಟ್ಟ. ಹೊಸ ಸೆಟ್ಟು ಮಾಡಲು ಅಷ್ಟು ದೊಡ್ಡ ಹಲ್ಲಿನ ಸಾಲು ಮನೆಯಲ್ಲಿ ಇನ್ನೊಂದು ಇರಲಿಲ್ಲ. ಹೊರಗಿನ ಪಾರ್ಸೆಲ್ಲುಗಳೆಲ್ಲ ನಿರ್ಬಂಧದ ತಪಾಸಣೆಯಲ್ಲಿ ಬಂದರಿನಲ್ಲೇ ಕೂತಿದ್ದವು. ಅತ್ತೆ ಪೊಟ್ಟಣವನ್ನು ಗಂಟು ಹಾಕಿ ಗೂಟಕ್ಕೆ ನೇತುಹಾಕಿದಳು. ಬರುವಾಗ ಹೋಗುವಾಗ ಸೊಸೆಗೆ ಕಾಣುತ್ತಿರಲಿ ಎಂದು.

ಕೆಲವು ದಿನಕ್ಕೆ ನಾಯಕನ ವಿಡಿಯೊ ಬಂತು. ಲೋಕದ ನಿರ್ಬಂಧಕ್ಕೆ ಕೊನೆಯ ಕದನ ಪಡೆಯ ಉತ್ತರ. ಇಡೀ ಓಣಿ ಚಪ್ಪಲಿ ಅಂಗಡಿಯವನ ಟೀವಿಯ ಮುಂದೆ ಸೇರಿತ್ತು. ಹಿಂದೆ ಬಾವುಟ, ಮುಂದೆ ಮೈಕು, ನಡುವೆ ನಾಯಕ. ಎಲ್ಲ ಸರಿಯಾಗಿತ್ತು, ತುಟಿ ಒಂದು ಬಿಟ್ಟು. ತುಟಿ ಮುಚ್ಚುತ್ತಿರಲಿಲ್ಲ. ರಕ್ತದ ಹೊಳೆ ಹರಿಸುತ್ತೇನೆ ಎನ್ನುವಾಗಲೂ ಆ ಮುಖ ಮದುವೆಮನೆಯಲ್ಲಿ ಫೋಟೋಗೆ ನಿಂತವರ ಹಾಗೆ ಹಲ್ಲು ಕಿರಿದುಕೊಂಡೇ ಇತ್ತು. ಒಂದೊಂದು ಮಾತಿಗೂ ಒಳಗೆ ಏನೋ ಟಕ್ಕೆಂದು ಎದ್ದು ಟಕ್ಕೆಂದು ಕೂರುತ್ತಿತ್ತು. ನಗಬೇಕೋ ಬೇಡವೋ ಎಂದು ಜನಕ್ಕೆ ತಿಳಿಯಲಿಲ್ಲ. ಬಸ್ಸಿನಲ್ಲಿ ಸತ್ತವರ ಮನೆಯವರೂ ಅಲ್ಲಿದ್ದರು. ಆಗ ತರಕಾರಿ ಹುಡುಗಿ ಮೊದಲು ನಕ್ಕಳು, ಕೈ ಅಡ್ಡ ಹಿಡಿಯದೆ. ಆಮೇಲೆ ಎಲ್ಲರೂ.

ಅತ್ತೆ ನಗಲಿಲ್ಲ. ಎದ್ದು ಟೀವಿಯ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದಳು.

"ಲೇ ಸೊಸೆ! ಅದು ನನ್ನ ಹಲ್ಲು ಕಣೇ!"

"ಅತ್ತೆ, ಮೆಲ್ಲಗೆ..."

"ಏನ್ ಮೆಲ್ಲಗೆ? ನೋಡೇ, ಎಡಗಡೆ ಕೋರೆ! ನಿಮ್ಮ ಮಾವ ಮೆಚ್ಚಿದ ಹಲ್ಲು ಕಣೇ ಅದು! ಅಯ್ಯೋ, ಆ ಪಾಪಿ ಬಾಯಲ್ಲಿ!"

ಈ ಸುದ್ದಿ ಓಣಿಯ ಬಾಯಿಂದ ಬೀದಿಯ ಬಾಯಿಗೆ, ಬೀದಿಯ ಬಾಯಿಂದ ಊರಿನ ಬಾಯಿಗೆ ಹೋಗಿ, ಮಾರನೆಯ ಬೆಳಿಗ್ಗೆ ಅಧಿಕಾರಿಯ ಕಿವಿಗೆ ಬಿತ್ತು. ಈ ಬಾಯಿಗಳಲ್ಲಿ ಅರ್ಧ ಹಲ್ಲಕ್ಕನೇ ಕಟ್ಟಿದ್ದವು. ತನ್ನ ಕೆಲಸ ಎಷ್ಟು ಗಟ್ಟಿ ಎಂದು ಆಕೆಗೆ ಅವತ್ತು ಗೊತ್ತಾಯಿತು.

ಅಧಿಕಾರಿ ಇಬ್ಬರು ಪೊಲೀಸರೊಂದಿಗೆ ಬಂದ. ನೆಗಡಿ ಇನ್ನೂ ಹೋಗಿರಲಿಲ್ಲ.

"ಏನಮ್ಮಾ ಇದು? ನಿರ್ಬಂಧ ಆದ ಮೇಲೆ ನಿಮ್ಮ ಅಂಗಡಿ ಮಾಲು ಆ ಮನುಷ್ಯನ ಬಾಯಲ್ಲಿ ಹೇಗೆ ಬಂತು?"

"ನಾನು ಕೊಡ್ಲಿಲ್ಲ ಸಾರ್. ಕಿತ್ಕೊಂಡು ಹೋದ್ರು."

"ಯಾಕೆ ಹೇಳ್ಲಿಲ್ಲ?"

"ಹೆದರ್ಕೊಂಡೆ ಸಾರ್."

"ಅದು ಅವನಿಗೆಂದೇ ಮಾಡಿದ್ದಲ್ವಾ?"

"ಅವನದ್ದು ಇಲ್ಲೇ ಇದೆ" ಎಂದು ಹಲ್ಲಕ್ಕ ಪುಟ್ಟ ಡಬ್ಬಿ ತಂದಿಟ್ಟಳು. ನಾಯಕನ ಅಚ್ಚು, ಅತ್ತೆಯ ಅಚ್ಚು ಎರಡನ್ನೂ ಮೇಜಿನ ಮೇಲಿಟ್ಟು ತೋರಿಸಿದಳು. ಡಾಕ್ಟರ ವಿಷಯವನ್ನೂ ಹೇಳಲೇಬೇಕಾಯಿತು, ಹೇಳಿದಳು. ಅಧಿಕಾರಿ ಅಚ್ಚುಗಳನ್ನು ತಿರುಗಿಸಿ ನೋಡಿದ. ಲೋಕವನ್ನೇ ನಡುಗಿಸುವವನ ದವಡೆ ತನ್ನ ಅಂಗೈಯಲ್ಲಿ ಇಷ್ಟೇ ಇಷ್ಟು ಕೂತಿರುವುದನ್ನು ಕಂಡು ಅವನಿಗೂ ಒಂದು ಗಳಿಗೆ ನೆಗಡಿ ಮರೆತುಹೋಯಿತು.

"ನಾನು ನಂಬ್ತೀನಮ್ಮಾ. ಆದ್ರೆ ನಾನು ನಂಬಿದ್ರೆ ಸಾಲದು. ಹೆದರಿಸಿ ಒಯ್ದರು ಅನ್ನೋಕೆ ಸಾಕ್ಷಿ ಯಾರು?"

"ನಾನು!" ಎಂದಳು ಅತ್ತೆ.

"ನೀವು ಮನೆಯವರು ಅಜ್ಜಿ. ನಡೆಯಲ್ಲ. ಮೇಲಿನವರು ತೀರ್ಮಾನ ಮಾಡೋವರೆಗೆ ಅಂಗಡಿಗೆ ಸೀಲು."

ಮುಂದಿನ ಬಾಗಿಲಿಗೆ ಬೀಗ, ಬೀಗದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಅರಗು. ಪುಟ್ಟ ದವಡೆ ನಾಯಕನ ಆಸ್ತಿ, ಮುಟ್ಟುಗೋಲು. ಆದರೆ ಕಚೇರಿಯಲ್ಲಿ ಅದನ್ನು ನೋಡಿಕೊಳ್ಳುವವರಿಲ್ಲವೆಂದು ಡಬ್ಬಿಗೆ ಚೀಟಿ ಅಂಟಿಸಿ ಅಡುಗೆಮನೆಯಲ್ಲೇ ಇಡಿಸಿದ. ಪೊಲೀಸರು ಹೋದ ಮೇಲೆ ಹಲ್ಲಕ್ಕ ಒಲೆಯ ಮುಂದೆ ಕೂತಳು. ಒಂದು ಉರಿಯ ಮೇಲೆ ಆಲೂಗಡ್ಡೆ. ಇನ್ನೊಂದು ಖಾಲಿ. ಗಂಡ ಹೋದ ತಿಂಗಳೊಂದು ಬಿಟ್ಟರೆ ಆ ಉರಿ ಹಾಗೆ ಖಾಲಿ ಇದ್ದದ್ದನ್ನು ಆಕೆ ನೋಡಿರಲಿಲ್ಲ. ಮೇಲಿನವರು ಬೇಡ ಅಂದರೆ ಇನ್ನು ಮುಂದೆ ಹೀಗೇ. ಅತ್ತೆ ಬಂದು ಪಕ್ಕದಲ್ಲಿ ಕೂತಳು, ಬೈಯಲಿಲ್ಲ. ಅದರಿಂದ ಹಲ್ಲಕ್ಕನಿಗೆ ಇನ್ನಷ್ಟು ಹೆದರಿಕೆಯಾಯಿತು.

ಹತ್ತು ಹನ್ನೆರಡು ದಿನ ಮೇಲಿನವರಿಂದ ಸುದ್ದಿಯಿಲ್ಲ. ಆಮೇಲೊಂದು ಮಧ್ಯಾಹ್ನ ಹಿತ್ತಲ ಬಾಗಿಲು ಯಾರೋ ತಟ್ಟಿದರು. ಭಾವಮೈದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು, ಎದೆಗೆ ಅದೇ ಡಬ್ಬಿ ಒತ್ತಿಕೊಂಡಿದ್ದ.

"ಅಕ್ಕಾ, ಒಳಗೆ ಬರ್ಲಾ?"

ಹೋದ ಸಲ ಕೇಳದೆ ಬಂದವನು.

"ಅಕ್ಕಾ, ಭಾವನ ಬಾಯೆಲ್ಲ ಹುಣ್ಣು. ಬರೀ ಹಾಲು ಕುಡೀತಿದ್ದಾರೆ. ಹೊಸ ಹಲ್ಲು, ಕೂರೋಕೆ ಸ್ವಲ್ಪ ದಿನ ಬೇಕು ಭಾವ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ಮೊನ್ನೆ ನಮ್ಮವರ ಮುಂದೆ ಭಾಷಣ ಮಾಡುವಾಗ ಮೇಲಿನ ಸೆಟ್ಟು ಹಾರಿ ಮೈಕಿಗೆ ಬಿತ್ತು. ಯಾರೂ ನಗ್ಲಿಲ್ಲ ಅಕ್ಕಾ. ನಗೋಕೆ ಧೈರ್ಯ ಯಾರಿಗಿದೆ? ಆದ್ರೆ ಎಲ್ಲರೂ ನನ್ನ ಕಡೆ ನೋಡಿದ್ರು."

"ಅದು ನಿಮ್ಮ ಭಾವನದ್ದಲ್ಲ."

"ಈಗ ಗೊತ್ತಾಯ್ತು. ಟೀವಿಲಿ ಅಜ್ಜಿ ಸುದ್ದಿ ಬಂದಿದೆ. ಭಾವನಿಗೆ ಇನ್ನೂ ಗೊತ್ತಿಲ್ಲ. ಮುದುಕಿ ಹಲ್ಲು ಹಾಕಿಸಿದ್ದೀನಿ ಅಂತ ಗೊತ್ತಾದ್ರೆ..." ಅವನು ಡಬ್ಬಿಯನ್ನು ಇನ್ನಷ್ಟು ಒತ್ತಿಕೊಂಡ. "ರಿಪೇರಿ ಮಾಡಿಸ್ಕೊಂಡು ಬರ್ತೀನಿ ಅಂತ ಬಂದೆ. ಸರಿಯಾದ್ದು ಕೊಟ್ಬಿಡಿ ಅಕ್ಕಾ. ನಿಮ್ಮ ಕಾಲಿಗೆ ಬೀಳ್ತೀನಿ."

"ಅದು ಮುಟ್ಟುಗೋಲಾಗಿದೆ."

"ಹಾಗಾದ್ರೆ ಇದನ್ನೇ ಸ್ವಲ್ಪ ಉಜ್ಜಿ ಚಿಕ್ಕದು ಮಾಡಿ."

"ರಿಪೇರೀನೂ ಮಾಡೋ ಹಾಗಿಲ್ಲ. ಮಾಡೋ ಹಾಗಿದ್ರೂ ಬಾಯಿ ಬರ್ಬೇಕು. ನಿಮ್ಮ ಭಾವ ಬರ್ತಾರಾ?"

"ಬರೋ ಹಾಗಿಲ್ಲ ಅಕ್ಕಾ. ನಾಕೂ ಕಡೆ ಫೋಟೋ ಅಂಟಿಸಿದ್ದಾರೆ."

"ಹಾಗಾದ್ರೆ ಹಲ್ಲೂ ಹೋಗೋ ಹಾಗಿಲ್ಲ."

ಅಷ್ಟರಲ್ಲಿ ಅತ್ತೆ ಮುಂದೆ ಬಂದು, ಭಾವಮೈದನ ಎದೆಯಿಂದ ಡಬ್ಬಿಯನ್ನು, ಅಂಗಡಿಯವನ ಕೈಯಿಂದ ಚಿಲ್ಲರೆ ಇಸಿದುಕೊಳ್ಳುವಷ್ಟು ಸಹಜವಾಗಿ, ಇಸಿದುಕೊಂಡಳು. ಅವನ ಕೈ ಸೊಂಟಕ್ಕೆ ಹೋಯಿತು. ಅತ್ತೆ ಅದನ್ನು ನೋಡಿದಳು.

"ತೆಗಿ ತೆಗಿ. ಹೊಡಿ. ಹಲ್ಲಿಲ್ಲದ ಮುದುಕೀನ ಹೊಡೆದೆ ಅಂತ ನಿಮ್ಮ ಭಾವನಿಗೆ ಹೇಳು. ಹಲ್ಲು ಎಲ್ಲಿ ಅಂತ ಅವನು ಕೇಳ್ತಾನೆ. ಆಗ ಏನ್ ಹೇಳ್ತೀಯ?"

ಭಾವಮೈದನ ಕೈ ಕೆಳಗಿಳಿಯಿತು. ಮುಂದಿನ ಕೋಣೆಯಿಂದ ಮೊದಲೇ ಒಳಗೆ ತಂದಿಟ್ಟಿದ್ದ ಸ್ಟೂಲಿನ ಮೇಲೆ ಅವನು ಕುಸಿದು ಕೂತ.

"ಏಳೋ! ಅದು ನನ್ನ ಜಾಗ" ಎಂದಳು ಅತ್ತೆ.

ಹಲ್ಲಕ್ಕ ಸೆಟ್ಟನ್ನು ಔಷಧಿಯ ನೀರಿನಲ್ಲಿ ಚೆನ್ನಾಗಿ ನೆನೆಸಿ, ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ತೊಳೆದಳು. ಅತ್ತೆ ಸಾಲದೆಂದು ಇನ್ನೂ ಎರಡು ಸಲ ತೊಳೆಸಿದಳು. ಭಾವಮೈದ ಒಲೆಯ ಪಕ್ಕ ಗೋಡೆಗೊರಗಿ ನಿಂತು ನೋಡುತ್ತಿದ್ದ. ಹೋಗುವುದಕ್ಕೆ ಅವನಿಗೆ ಜಾಗ ಇದ್ದಂತೆ ಕಾಣಲಿಲ್ಲ. ಅತ್ತೆ ಸ್ಟೂಲಿನ ಮೇಲೆ ಸಿಂಹಾಸನವೇರಿದಂತೆ ಕೂತು ಸೆಟ್ಟು ಹಾಕಿಕೊಂಡಳು. ಬಿಸ್ಕತ್ತು ಕಚ್ಚಿದಳು. ಪೇಪರಿನ ನಾಲ್ಕು ಸಾಲು ಓದಿದಳು.

"ಈಗ ಬೈಬೇಕು ಅತ್ತೆ."

"ಯಾರನ್ನ ಅಂತ ಬೇರೆ ಹುಡುಕ್ಬೇಕಾ?" ಎಂದು ಅತ್ತೆ ಗೋಡೆಗೊರಗಿ ನಿಂತವನ ಕಡೆ ತಿರುಗಿದಳು.

ಅದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಭಾವಮೈದನ ಹುಟ್ಟಿನಿಂದ ಆರಂಭವಾಗಿ, ಭಾವನ ಗದ್ದದ ಮೇಲೆ ಹಾದು, ಬಂಡೆಗಳ ಮೇಲಿನ ಚಿತ್ರಗಳನ್ನು ಸುಣ್ಣ ಬಳಿದು ಅಳಿಸಿ, ಅದು ಕೊನೆಗೆ ಸಂತೆಯ ಬಸ್ಸಿಗೆ ಬಂದು ನಿಂತಿತು. ಅಲ್ಲಿ ಅತ್ತೆಯ ದನಿ ಇಳಿಯಿತು. "ಆ ಬಸ್ಸಲ್ಲಿ ಕಂಡಕ್ಟರೂ ಇದ್ದ ಕಣೋ. ಟಿಕೆಟ್ ಹರೀತಾ ಇದ್ದ. ನಿನ್ನ ಹಾಗೇ ಇದ್ದ."

ಹಲ್ಲು ಒಂದಿಷ್ಟೂ ಅಲ್ಲಾಡಲಿಲ್ಲ. ಭಾವಮೈದ ಅಲ್ಲಾಡಿದ. "ಆ ನಿರ್ಬಂಧದ ಸಾಹೇಬರ ಆಫೀಸು ಎಲ್ಲಿ ಅಕ್ಕಾ?" ಎಂದು ಕೇಳಿದ.

"ಮುಂದಿನ ಬೀದಿ. ಔಷಧಿ ಅಂಗಡಿ ಮೇಲೆ."

"ಹಲ್ಲಿಲ್ಲದೆ ಹೋದ್ರೆ ಭಾವ ಬಿಡಲ್ಲ. ಸಾಹೇಬರ ಹತ್ರ ಹೋದ್ರೆ ಜೈಲಾದ್ರೂ ಆಗುತ್ತೆ."

"ಜೈಲಲ್ಲಿ ಊಟ ಕೊಡ್ತಾರೆ. ಹಲ್ಲಿದೆಯಲ್ಲ, ತಿನ್ನು ಹೋಗು" ಎಂದಳು ಅತ್ತೆ.

ಹೋದ. ಪಿಸ್ತೂಲನ್ನು ಅಧಿಕಾರಿಯ ಕರವಸ್ತ್ರದ ಪಕ್ಕದಲ್ಲಿ ಇಟ್ಟು, ಹಲ್ಲಕ್ಕನನ್ನು ಹೆದರಿಸಿ ಹಲ್ಲು ಕಿತ್ತುಕೊಂಡು ಹೋದವನು ತಾನೇ, ಆಕೆ ಕೊಡಲಿಲ್ಲ, ಕೊಡಲೊಪ್ಪಲೂ ಇಲ್ಲ ಎಂದು ಹೇಳಿಕೆ ಕೊಟ್ಟ. ಬಸ್ಸಿನ ವಿಷಯವೂ ಆಮೇಲೆ ಹೊರಗೆ ಬಂತು, ಅದು ನ್ಯಾಯಾಲಯದ ಮಾತು. ಜಗತ್ತಿನ ರಾಷ್ಟ್ರಗಳೆಲ್ಲ ಕೈಯೆತ್ತಿ ಹೇರಿದ ನಿರ್ಬಂಧಕ್ಕೆ ಸೆರೆಸಿಕ್ಕ ಮೊದಲನೆಯವನು ಇವನೇ ಎಂದು ಅಧಿಕಾರಿ ಹೆಮ್ಮೆಯಿಂದ ಮೇಲಿನವರಿಗೆ ತಿಳಿಸಿದ. ಓಣಿಯ ಪ್ರಕಾರ ಅವನನ್ನು ಹಿಡಿದದ್ದು ಅತ್ತೆ.

ಮುಂದಿನ ವಾರ ಅಧಿಕಾರಿಯೇ ಬಂದು ಅರಗು ಒಡೆದು ಬೀಗ ತೆಗೆದ. ಬಂದರಿನಲ್ಲಿ ಕೂತಿದ್ದ ಹಲ್ಲುಗಳೂ ಬಂದವು. ಡಾಕ್ಟರು ತಂಗಿಯ ಮನೆಯ ಕೆಲಸ ಮುಗಿಸಿ ಬಂದು, ಅಧಿಕಾರಿಯ ಕಚೇರಿಗೆ ಎರಡು ಸಲ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟರು. ಹೊಳೆಯಾಚೆಯಿಂದ ಆಮೇಲೆ ನಾಯಕನ ಇನ್ನೊಂದು ವಿಡಿಯೊ ಬರಲಿಲ್ಲ. ಉತ್ತರಗಳನ್ನೆಲ್ಲ ಈಗ ಬೇರೆಯವರು ಓದುತ್ತಾರೆ.

ಅಡುಗೆಮನೆಯಲ್ಲಿ ಎರಡೂ ಉರಿ ಮತ್ತೆ ಹೊತ್ತಿವೆ. ಕಪಾಟಿನ ಕೊನೆಯಲ್ಲಿ ಚೀಟಿ ಅಂಟಿಸಿದ ಡಬ್ಬಿ ಇದೆ. ಅದನ್ನು ಕೊಡುವ ಹಾಗಿಲ್ಲ, ಒಡೆಯುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಆದರೆ ಮಾಡಿದ ಕೆಲಸ ಒಣಗಿ ಸೊಟ್ಟಗಾಗಲು ಬಿಡುವುದು ಹಲ್ಲಕ್ಕನಿಗೆ ಬಾರದು. ಹಾಗಾಗಿ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೀರು ಬದಲಾಯಿಸುತ್ತಾಳೆ.

"ಆ ಪಾಪಿ ಹಲ್ಲಿಗೆ ಯಾಕೆ ಇಷ್ಟು ಸೇವೆ?" ಎಂದು ಅತ್ತೆ ಕೇಳುತ್ತಾಳೆ, ಕಡಲೇಕಾಯಿ ಜಗಿಯುತ್ತ.

"ಹಲ್ಲು ಏನ್ ಮಾಡಿದೆ ಅತ್ತೆ? ಬಾಯಿ ಬರ್ಲಿ, ಆಮೇಲೆ ನೋಡೋಣ."

"ಬಂದ್ರೆ ನನ್ನ ಕರಿ. ಬೈಯೋ ಪರೀಕ್ಷೆ ನಾನೇ ತಗೊಳ್ತೀನಿ" ಎಂದು ಅತ್ತೆ ಇನ್ನೊಂದು ಕಾಯಿಯನ್ನು ಓರೆ ಕೋರೆಯಲ್ಲೇ ಕಟಕ್ಕೆಂದು ಒಡೆಯುತ್ತಾಳೆ.